ಮಾಟ, ಕಲಿಕೆ ಮತ್ತು ಹೆಣ್ಣುಮಗು: ಒಂದು ಅನಿಮೇಷನ್ ಸರಣಿಯ ನೆಪದಲ್ಲಿ

ಅನಿಮೇಷನ್ ಕೃತಿಗಳನ್ನು ಸಾಹಿತ್ಯಾಧ್ಯಯನದ ವ್ಯಾಪ್ತಿಗೆ ತರಲು ಕನ್ನಡ ವಿದ್ವತ್ ವಲಯ ಇಂದಿಗೂ ಹಿಂಜರಿಯುತ್ತಿದೆ. ಮಕ್ಕಳ ಮನರಂಜನೆ ಎಂಬ ಒಂದೇ ಮಾತಿನಲ್ಲಿ ಅವನ್ನು ಬದಿಗೆ ಸರಿಸುವುದು ರೂಢಿಯಾಗಿದೆ. ಆದರೆ ಮಾಯಾವಿದ್ಯೆಯ ಶಾಲೆಗೆ ಸೇರಿದ ಹುಡುಗಿಯರ ಕಥೆ ಹೇಳುವ ಸರಣಿಗಳು ಎತ್ತುವ ಪ್ರಶ್ನೆಯು ಜಾನಪದ ಅಧ್ಯಯನಕ್ಕೆ ಹೊಸದೇನಲ್ಲ. ಹೆಣ್ಣಿನ ಶಕ್ತಿ ಹುಟ್ಟಿನಿಂದ ಬರುವಂಥದ್ದೋ, ಯಾರಾದರೂ ಕೊಡುವಂಥದ್ದೋ, ಅಥವಾ ಅವಳೇ ಕಲಿತು ಗಳಿಸುವಂಥದ್ದೋ ಎಂಬುದೇ ಆ ಪ್ರಶ್ನೆ.

ಈ ಪ್ರಕಾರದ ಎರಡು ಕೃತಿಗಳು ಇದಕ್ಕೆ ಎರಡು ಬೇರೆ ಉತ್ತರ ಕೊಡುತ್ತವೆ. ಇಟಲಿಯ ಇಜೀನಿಯೊ ಸ್ತ್ರಾಫಿ ರೂಪಿಸಿದ, 2004ರಲ್ಲಿ ಆರಂಭವಾದ ‘ವಿಂಕ್ಸ್ ಕ್ಲಬ್’ ಸರಣಿಯ ನಾಯಕಿ ಬ್ಲೂಮ್ ಸಾಮಾನ್ಯ ಹುಡುಗಿಯಂತೆ ಕಾಣಿಸಿಕೊಂಡು, ಕೊನೆಗೆ ಕಳೆದುಹೋದ ರಾಜಕುಮಾರಿಯೆಂದು ತಿಳಿದುಬರುತ್ತದೆ. ಶಾಲೆ ಅಲ್ಲಿ ನೆಪಮಾತ್ರ, ಕುಲವೇ ಗೆಲ್ಲುತ್ತದೆ. ಜಪಾನಿನ ಟ್ರಿಗರ್ ಸಂಸ್ಥೆಗಾಗಿ ಯೋಹ್ ಯೋಶಿನಾರಿ ನಿರ್ದೇಶಿಸಿದ ‘ಲಿಟಲ್ ವಿಚ್ ಅಕಾಡೆಮಿಯಾ’ 2013ರಲ್ಲಿ ಕಿರುಚಿತ್ರವಾಗಿಯೂ 2017ರಲ್ಲಿ 25 ಕಂತುಗಳ ಸರಣಿಯಾಗಿಯೂ ಬಂದಿತು. ಅದರ ಅಕ್ಕೊಗೆ ಮಾಯಾವಿದ್ಯೆಯ ವಂಶವಿಲ್ಲ, ಪೊರಕೆಯ ಮೇಲೆ ಕುಳಿತು ಹಾರಲೂ ಬಾರದು. ಬಾಲ್ಯದಲ್ಲಿ ಕಂಡ ಒಂದು ಪ್ರದರ್ಶನದ ಬೆರಗು ಮಾತ್ರ ಅವಳ ಬಂಡವಾಳ. ಹಳೆಯ ಮನೆತನದ ಡಯಾನಾ ಎದುರಿಗೆ ಅವಳು ಪದೇಪದೇ ಸೋಲುತ್ತಾಳೆ, ಮತ್ತೆ ತರಗತಿಗೆ ಬರುತ್ತಾಳೆ. ಎರಡನ್ನು ಹೋಲಿಸಿದರೆ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಕೃತಿ.

ಮೊದಲ ಕಿರುಚಿತ್ರ ಸಿದ್ಧವಾದದ್ದೇ ತರುಣ ಚಿತ್ರಕಾರರನ್ನು ತರಬೇತುಗೊಳಿಸಲು ಜಪಾನ್ ಸರ್ಕಾರದ ಸಂಸ್ಕೃತಿ ಇಲಾಖೆ ಹಣ ನೀಡಿದ ಯೋಜನೆಯಲ್ಲಿ. ಕಲಿಯುವವರ ಕಥೆಯನ್ನು ಕಲಿಯುವವರೇ ಬಿಡಿಸಿದರು.

ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯ ಕಡೆಗೆ ತಿರುಗಿದರೆ (2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಿಸಿಕೊಂಡ ಸೀಮೆ ಇದು), ಪವಾಡವನ್ನು ಕಲಿತು ಪಡೆಯುವ ಕಥೆ ಇಲ್ಲಿಗೆ ಅಪರಿಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಗುರುವಿನ ಕಠಿಣ ಪರೀಕ್ಷೆಗಳನ್ನು ಹಾದುಬಂದ ಶಿಷ್ಯ. ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯ ಹಲಗೂರಿನಲ್ಲಿ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ಬೇಡಿ, ಅವರು ಒಡ್ಡಿದ ಸಂಕಟಗಳನ್ನೆಲ್ಲ ಅವನು ಎದುರಿಸುತ್ತಾನೆ. ಅದು ಪೂರ್ಣಾರ್ಥದಲ್ಲಿ ಒಂದು ಶಿಕ್ಷಣದ ಕಥೆ. ಆದರೆ ಕಲಿಯುವವನು ಗಂಡು. ಮಾದೇಶ್ವರ ಕಾವ್ಯದ ಸಂಕಮ್ಮನ ಪಾಲಿಗೆ ಬರುವುದು ಗಂಡನ ಅನುಮಾನ ಮತ್ತು ಮಾದಪ್ಪನ ವರ. ಅವಳನ್ನು ಪರೀಕ್ಷಿಸುವವರಿದ್ದಾರೆ, ಕಲಿಸುವವರಿಲ್ಲ.

ಎ.ಕೆ. ರಾಮಾನುಜನ್ ಅವರ ಬರಹದಿಂದ ಲೋಕಪ್ರಸಿದ್ಧವಾದ, ಹೂವಿನ ಮರವಾಗುವ ಹುಡುಗಿಯ ಕನ್ನಡ ಜನಪದ ಕಥೆಯನ್ನು ಈ ಹಿನ್ನೆಲೆಯಲ್ಲಿ ಮರುಓದಬೇಕು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. 2006ರಲ್ಲಿ ಜಾನ್ ಆಡಮ್ಸ್ ಇದನ್ನೇ ಆಧರಿಸಿ ಸಂಗೀತನಾಟಕ ರಚಿಸಿದರು. ಹುಡುಗಿಯ ವಿದ್ಯೆಗೆ ಒಂದು ಕ್ರಮವಿದೆ. ಎರಡು ಕೊಡ ನೀರು, ಉಗುರು ತಾಗದಂತೆ ಸುರಿಯುವ ಎಚ್ಚರ, ನೋಯದಂತೆ ಹೂ ಬಿಡಿಸುವ ಕೈ. ಈ ಕ್ರಮವನ್ನು ಅವಳಿಗೆ ಕಲಿಸಿದವರು ಯಾರೆಂದು ಕಥೆ ಕೇಳುವುದಿಲ್ಲ. ನಾದಿನಿ ಮತ್ತವಳ ಗೆಳತಿಯರು ಕೊಂಬೆ ಮುರಿದು ಕ್ರಮ ತಪ್ಪಿದಾಗ ಅವಳು ಕೈಕಾಲಿಲ್ಲದ ಮುದ್ದೆಯಾಗುತ್ತಾಳೆ. ಇತರರ ಒಂದು ತಪ್ಪಿಗೆ ಹೆಣ್ಣು ಮೈಯಿಡೀ ದಂಡ ತೆರುತ್ತಾಳೆ. ಅಕ್ಕೊ ಎಂಬ ಪಾತ್ರಕ್ಕೆ ದೊರೆತ ಸೌಲಭ್ಯವೆಂದರೆ ತಪ್ಪು ಮಾಡಿ ಮರುದಿನ ಮತ್ತೆ ಪಾಠಕ್ಕೆ ಕೂರುವ ಅವಕಾಶ. ಕನ್ನಡದ ಕಥನ ಪರಂಪರೆ ಹೆಣ್ಣುಮಗುವಿಗೆ ವರ ಕೊಟ್ಟಿದೆ, ಶಾಪ ಕೊಟ್ಟಿದೆ. ಈ ಅವಕಾಶವನ್ನು ಕೊಡುವಲ್ಲಿ ಜಿಪುಣತನ ತೋರಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಹಾಗಾದರೆ ಇಂಥ ಸರಣಿ ಕನ್ನಡದಲ್ಲಿ ಕೇಳಿಸಬೇಕಲ್ಲವೆ? ಡಬ್ಬಿಂಗ್ ವಿರೋಧದ ಚರಿತ್ರೆ ಪರಿಚಿತವೇ. 1960ರ ದಶಕದಿಂದ ಬೆಳೆದುಬಂದ ಕಟ್ಟುಪಾಡನ್ನು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಸ್ಪರ್ಧಾವಿರೋಧಿ ಎಂದು ಪರಿಗಣಿಸಿತು. ಅದಕ್ಕೂ ಮುನ್ನ, 2009ರಲ್ಲಿ ಆರಂಭವಾದ ಚಿಂಟು ವಾಹಿನಿ ಪರದೇಶದ ಕಾರ್ಟೂನುಗಳಿಗೆ ಕನ್ನಡ ಧ್ವನಿ ಕೊಟ್ಟಾಗ ನಾಡುನುಡಿ ಕುಸಿದುಬೀಳಲಿಲ್ಲ. ಕಲಾವಿದರ ಅನ್ನದ ಪ್ರಶ್ನೆಯನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಆ ಕಟ್ಟುಪಾಡಿನ ಭಾರವನ್ನು ಮಕ್ಕಳು ಪರಭಾಷೆಯಲ್ಲಿ ನೋಡುತ್ತ ಹೊತ್ತರು. 1975ರ ‘ಶೋಲೆ’ಗೆ ತನ್ನ ಬೆಟ್ಟಗಳನ್ನೇ ಕೊಟ್ಟ ರಾಮನಗರಕ್ಕೆ ಈ ವಿಪರ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ನಿಜವಾದ ತೊಡಕು ಶಬ್ದದಲ್ಲಿದೆ. ‘ವಿಚ್’ ಎಂಬುದಕ್ಕೆ ಕನ್ನಡದಲ್ಲಿ ಥಟ್ಟನೆ ಹೊಳೆಯುವ ಪದ ಮಾಟಗಾತಿ. ಅದನ್ನು ಒಬ್ಬ ಶಾಲಾಬಾಲಕಿಗೆ ಅಂಟಿಸಲು ಯಾವ ಅನುವಾದಕನಿಗೂ ಕೈ ನಡುಗುತ್ತದೆ, ನಡುಗಬೇಕು. ಮಾಟಮಂತ್ರದ ಆರೋಪ ಬಡ ಹೆಂಗಸರ ಬಾಳನ್ನು ಹಾಳುಮಾಡಿದ ನಾಡಿದು. ವಾಮಾಚಾರ ಪ್ರತಿಬಂಧಕ ಕಾನೂನು 2017ರಲ್ಲಿ ಅಂಗೀಕೃತವಾಗಿ 2020ರಲ್ಲಿ ಜಾರಿಗೆ ಬಂದುದರ ಹಿಂದೆ ಅಂಥ ಕ್ರೌರ್ಯಗಳ ಅನುಭವವಿದೆ. ಹಾಗೆಂದು ‘ಮಾಂತ್ರಿಕೆ’, ‘ಮಾಯಾವಿನಿ’ ಎಂಬ ಸಂಸ್ಕೃತದ ಆಶ್ರಯ ಪಡೆದರೆ ಮಾತು ಪೌರಾಣಿಕ ನಾಟಕದ ವೇಷ ತೊಟ್ಟಂತಾಗುತ್ತದೆ.

ವ್ಯಾಕರಣ ಇಲ್ಲಿ ನೆರವಿಗೆ ಬರುತ್ತದೆ. ಆಡು ಆಟವಾದಂತೆ, ಓಡು ಓಟವಾದಂತೆ ಮಾಡು ಎಂಬುದು ಮಾಟವಾಗಿದೆ. ಮಾಟವೆಂದರೆ ಮೂಲತಃ ಮಾಡುವಿಕೆ, ರಚನೆ, ಅಂದ. ‘ಮೈಮಾಟ’ ಎಂಬಲ್ಲಿ ಈ ಅರ್ಥ ಇಂದಿಗೂ ಜೀವಂತ. ‘ಸೂಲಗಿತ್ತಿ’, ‘ಹೂವಾಡಗಿತ್ತಿ’ಗಳ ಸಾಲಿನಲ್ಲಿ ನಿಲ್ಲಿಸಿದರೆ ಮಾಟಗಾತಿಯೂ ಕಸುಬು ಬಲ್ಲ ಹೆಣ್ಣೇ. ಜಪಾನೀ ಭಾಷೆಯ ‘ಮಾಜೊ’ ಪದದಲ್ಲಿಯೂ ದುಷ್ಟಶಕ್ತಿಯ ಅಕ್ಷರವೇ ಇದೆ. ಆದರೆ 1966ರ ಸ್ಯಾಲಿಯಿಂದ ಮೊದಲಾಗಿ 1989ರ ಕಿಕಿಯವರೆಗೆ ಮಾಯಾವಿದ್ಯೆಯ ಬಾಲೆಯರು ತೆರೆಯ ಮೇಲೆ ಬಂದು ಆ ಪದದ ವಿಷವನ್ನು ಇಳಿಸಿದರು. ಕನ್ನಡದಲ್ಲಿ ಈ ಕೆಲಸ ಆರಂಭವಾಗಿಲ್ಲ. ಪದ ತನ್ನ ಹಿಂಸೆಯ ನೆನಪನ್ನು ಒಮ್ಮೆಲೆ ಕಳೆದುಕೊಳ್ಳದು ಎಂಬ ಆಕ್ಷೇಪ ಸರಿಯೇ. ಆದರೆ ಪದವನ್ನು ದೂಷಕರ ಬಾಯಿಗೇ ಬಿಟ್ಟುಕೊಟ್ಟರೆ ಅದು ಅಲ್ಲಿಯೇ ಉಳಿಯುತ್ತದೆ.

ಮಾಡುವಿಕೆಯೇ ಮಾಯೆಯಾಗುವುದನ್ನು ಕಾಣಲು ಚನ್ನಪಟ್ಟಣದ ಗೊಂಬೆ ತಯಾರಿಸುವ ಯಾವ ಮನೆಯಾದರೂ ಸಾಕು. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೇ ಅರಗು ಕರಗಿ ಬಣ್ಣವಾಗಿ ಹಬ್ಬುತ್ತದೆ. ಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ. ಒತ್ತಡ ಹೆಚ್ಚಾದರೆ ಬಣ್ಣ ಗಂಟುಗಟ್ಟುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಇಂದು ಲೇತಿನ ಮುಂದೆ ಹೆಂಗಸರೂ ಕುಳಿತಿದ್ದಾರೆ. ಕೆಟ್ಟ ತುಂಡನ್ನು ಬದಿಗಿಟ್ಟು ಇನ್ನೊಂದನ್ನು ಸಿಕ್ಕಿಸುವ ಆ ಕೈಗೆ ಅಕ್ಕೊಳ ಕಥೆ ಪರಕೀಯವೆನಿಸಲಾರದು.

ಕನ್ನಡಕ್ಕೆ ತರುವವರು ಪೊರಕೆಯ ಬಗೆಗೂ ಯೋಚಿಸಬೇಕು. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಅದರ ಮೇಲೇರಿ ಕೂರುವ ಹುಡುಗಿ ಮೊದಲು ಅಜ್ಜಿಯ ಬೈಗುಳ ತಿನ್ನುತ್ತಾಳೆ. ಮಂತ್ರಗಳಂತೂ ಇನ್ನೂ ನಾಜೂಕು. ಸಂಸ್ಕೃತ ಬೀಜಾಕ್ಷರ ಹಾಕಿದರೆ ಶಾಲೆ ಪೂಜಾಗೃಹವಾಗುತ್ತದೆ. ಮಕ್ಕಳು ಕಣ್ಣಾಮುಚ್ಚಾಲೆಯಲ್ಲಿ, ಸರದಿ ಎಣಿಸುವಲ್ಲಿ ಬಳಸುವ ಅರ್ಥರಹಿತ ಪ್ರಾಸಗಳೇ ಇಲ್ಲಿ ಹೊಂದುವ ಸಾಮಗ್ರಿ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕಕ್ಕೆ ಬರುವ ವಿದ್ಯಾರ್ಥಿಗಳು ಗೊಂಬೆ, ವಾದ್ಯಗಳ ಜೊತೆಗೆ ಈ ಪ್ರಾಸಗಳನ್ನೂ ಊರೂರಿನಿಂದ ಬರೆದುಕೊಂಡು ತರಬಹುದು. ಡಬ್ಬಿಂಗ್ ಬರಹಗಾರನಿಗೆ ಬೇಕಾದ ಪದಕೋಶ ಅದೇ.