ಕಸಿಯಾದವರಿಗೆ ವೆಸ್ಟ್ ನೈಲ್ ಭೀತಿ: ಆರೋಗ್ಯ ಇಲಾಖೆಗೆ ಮನವಿ

ಇವರಿಗೆ,
ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ವಿಕಾಸಸೌಧ, ಬೆಂಗಳೂರು.

ವಿಷಯ: ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ವೆಸ್ಟ್ ನೈಲ್ ಮಿದುಳು ಜ್ವರದ ಪತ್ತೆ ಮತ್ತು ತಡೆ ಕುರಿತು.

ಮಾನ್ಯರೇ,

ಮೂತ್ರಪಿಂಡ, ಯಕೃತ್ತು ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿರುವವರು ಮತ್ತು ಅವರ ಮನೆಯವರು ಸೇರಿ ಸಲ್ಲಿಸುತ್ತಿರುವ ಮನವಿ ಇದು. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಿರಲೆಂದು ಇವರು ದಿನವೂ ನುಂಗುವ ಮಾತ್ರೆಯೇ ಸೋಂಕಿನ ಎದುರು ಇವರ ಕೈ ಕಟ್ಟಿಹಾಕುತ್ತದೆ.

ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ 1937ರಲ್ಲಿ ಉಗಾಂಡದಲ್ಲಿ ಪತ್ತೆಯಾಯಿತು. ಅದು ಕರ್ನಾಟಕಕ್ಕೆ ಹೊಸದೇನಲ್ಲ. 1980ರ ದಶಕದ ಆರಂಭದಲ್ಲಿ ಇಲ್ಲಿ ಮಿದುಳು ಜ್ವರದಿಂದ ಮೃತಪಟ್ಟ ಮಕ್ಕಳ ಮಿದುಳಿನಲ್ಲೇ ಈ ವೈರಸ್ ಸಿಕ್ಕಿತ್ತು; 1984ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ ಅದನ್ನು ಪ್ರಕಟಿಸಿತು. ನೆರೆಯ ಕೇರಳದ ಮಲಪ್ಪುರಂನಲ್ಲಿ 2019ರಲ್ಲಿ ಒಬ್ಬ ಬಾಲಕ, ತ್ರಿಶ್ಶೂರಿನಲ್ಲಿ 2022ರಲ್ಲಿ ಒಬ್ಬ ವ್ಯಕ್ತಿ ಇದಕ್ಕೆ ಬಲಿಯಾದರು. 2024ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಮತ್ತೆ ಎಚ್ಚರಿಕೆ ನೀಡಬೇಕಾಯಿತು.

ಸೋಂಕು ತಗುಲಿದ 5 ಜನರಲ್ಲಿ ಸುಮಾರು 4 ಮಂದಿಗೆ ಏನೂ ಆಗುವುದಿಲ್ಲ. ನರಮಂಡಲಕ್ಕೆ ಹೊಕ್ಕು ಮಿದುಳಿನ ಉರಿಯೂತ, ಪಾರ್ಶ್ವವಾಯು ತರುವುದು ಸುಮಾರು 150ರಲ್ಲಿ ಒಬ್ಬರಿಗೆ. ಆದರೆ 2002ರಲ್ಲಿ ಟೊರಾಂಟೊದ ವೈದ್ಯರು ಕಸಿಯಾದವರನ್ನು ಗಮನಿಸಿದಾಗ, ಸೋಂಕಿತರಲ್ಲಿ ಈ ಅಪಾಯ ಶೇ 40ರಷ್ಟಿರಬಹುದೆಂದು ಅಂದಾಜಿಸಿದರು. ಜನಸಾಮಾನ್ಯರ ಲೆಕ್ಕ ಹಿಡಿದು ಇದನ್ನು ಅಪರೂಪದ ಕಾಯಿಲೆ ಎಂದು ಬದಿಗಿಡುವುದು ಈ ರೋಗಿಗಳ ಮಟ್ಟಿಗೆ ಅನ್ಯಾಯವೇ ಸರಿ.

ಇವರಿಗೆ ಅಪಾಯ ಸೊಳ್ಳೆಯಿಂದ ಮಾತ್ರ ಬರುವುದಿಲ್ಲ. 2002ರಲ್ಲಿ ಅಮೆರಿಕದಲ್ಲಿ ಒಬ್ಬರೇ ದಾನಿಯ ಅಂಗಗಳನ್ನು ಪಡೆದ ನಾಲ್ವರಿಗೂ ವೆಸ್ಟ್ ನೈಲ್ ಅಂಟಿತು. ಮೂವರಿಗೆ ಮಿದುಳಿನ ಉರಿಯೂತವಾಗಿ ಒಬ್ಬರು ತೀರಿಕೊಂಡರು. ಆ ದಾನಿಗೆ ಸಾವಿಗೆ ಮುನ್ನ ಹಲವರ ರಕ್ತ ಕೊಡಲಾಗಿತ್ತು, ವೈರಸ್ ಅದರೊಂದಿಗೆ ಬಂದಿತ್ತು. ಮರುವರ್ಷವೇ ಆ ದೇಶ ದಾನದ ರಕ್ತದಲ್ಲಿ ಈ ವೈರಸ್‌ನ ಪರೀಕ್ಷೆ ಆರಂಭಿಸಿತು. ಭಾರತದ ರಕ್ತನಿಧಿಗಳಲ್ಲಿ ಕಡ್ಡಾಯವಿರುವುದು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಮಾತ್ರ.

ಮನವಿದಾರರ ಮುಖ್ಯ ಅಳಲು ಪತ್ತೆಯದ್ದು. ಸಾಮಾನ್ಯವಾಗಿ ಬೆನ್ನುಹುರಿಯ ದ್ರವದಲ್ಲಿ ಐಜಿಎಂ ಪ್ರತಿಕಾಯ ಹುಡುಕಿ ರೋಗ ಗುರುತಿಸುತ್ತಾರೆ. ರಿಟುಕ್ಸಿಮ್ಯಾಬ್‌ನಂಥ ಔಷಧ ಪಡೆದವರಲ್ಲಿ ಪ್ರತಿಕಾಯ ತಯಾರಿಸುವ ವ್ಯವಸ್ಥೆಯೇ ಕುಗ್ಗಿರುತ್ತದೆ. ಮಿದುಳಿನಲ್ಲಿ ವೈರಸ್ ಇದ್ದರೂ ವರದಿ 'ನೆಗೆಟಿವ್' ಎಂದು ಬರಬಹುದು. ಪ್ರತಿಕಾಯ ಸಿಕ್ಕರೂ ತೊಡಕು ತಪ್ಪದು: ಡೆಂಗಿ ಮತ್ತು ಜಪಾನೀಸ್ ಎನ್ಸೆಫಲೈಟಿಸ್ ಇದೇ ಕುಲದ ವೈರಸ್‌ಗಳಾದ್ದರಿಂದ ಒಂದರ ಬದಲು ಇನ್ನೊಂದು ತೋರುವುದುಂಟು.

ಆದ್ದರಿಂದ ಜ್ವರದೊಂದಿಗೆ ಗೊಂದಲ, ನಡುಕ, ಕೈಕಾಲು ಸೋಲುವುದು ಕಂಡ ಇಂಥ ಪ್ರತಿ ರೋಗಿಗೂ ಬೆನ್ನುಹುರಿಯ ದ್ರವ, ರಕ್ತ ಮತ್ತು ಮೂತ್ರದಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯನ್ನು ಉಚಿತವಾಗಿ ಮಾಡಿಸಬೇಕು. ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ, ರಾಷ್ಟ್ರೀಯ ವೈರಾಣು ಸಂಸ್ಥೆಯ ಘಟಕವೂ ಇದೆ. ಜಿಲ್ಲಾ ಆಸ್ಪತ್ರೆಗಳಿಂದ ಅಲ್ಲಿಗೆ ಮಾದರಿ ತಲುಪಿಸಲು ನಿಗದಿತ ವ್ಯವಸ್ಥೆ ಬೇಕು. ಕಾರಣ ತಿಳಿಯದ ಮಿದುಳು ಜ್ವರವಿದ್ದ ದಾನಿಯ ಅಂಗ ಸ್ವೀಕರಿಸುವ ಮುನ್ನ ಈ ಪರೀಕ್ಷೆ ನಡೆಯಬೇಕೆಂದು ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆಯಾದ ಜೀವಸಾರ್ಥಕತೆ ಮೂಲಕ ಎಲ್ಲ ಕಸಿ ಕೇಂದ್ರಗಳಿಗೂ ಸೂಚನೆ ಹೋಗಬೇಕು.

ಸೊಳ್ಳೆಯ ವಿಚಾರದಲ್ಲೂ ಒಂದು ಕೋರಿಕೆ. ಡೆಂಗಿ ಅಭಿಯಾನ ತೊಟ್ಟಿ, ಟೈರು, ಹೂಕುಂಡದ ತಿಳಿನೀರನ್ನು ನೋಡುತ್ತದೆ. ವೆಸ್ಟ್ ನೈಲ್ ಹರಡುವ ಕ್ಯೂಲೆಕ್ಸ್ ಸೊಳ್ಳೆ ಮುಸ್ಸಂಜೆಯಿಂದ ರಾತ್ರಿಯಿಡೀ ಕಚ್ಚುತ್ತದೆ. ಬೆಳೆಯುವುದು ಕಟ್ಟಿಕೊಂಡ ಚರಂಡಿ, ಶೌಚಗುಂಡಿಗಳ ಕೊಳಕು ನೀರಿನಲ್ಲೂ. ಲಾರ್ವಾ ಸಮೀಕ್ಷೆ ಅಲ್ಲಿಗೂ ಇಳಿಯಬೇಕು. ಕಸಿಯಾದವರಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೇ ಸೊಳ್ಳೆಪರದೆ ಮತ್ತು ಕನ್ನಡದಲ್ಲಿ ಬರೆದ ಎಚ್ಚರಿಕೆಯ ಚೀಟಿ ಕೊಡಬೇಕು.

ಮನುಷ್ಯರಿಗೆ ಈ ರೋಗದ ಲಸಿಕೆ ಇನ್ನೂ ಬಂದಿಲ್ಲ, ಖಚಿತ ಔಷಧವೂ ಇಲ್ಲ. ಬರುವ ಮಳೆಗಾಲಕ್ಕೆ ಮುನ್ನವೇ ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ಮನವಿದಾರರು ಇಲಾಖೆಯನ್ನು ಕಳಕಳಿಯಿಂದ ಪ್ರಾರ್ಥಿಸುತ್ತಾರೆ.