ಎಚ್.ಐ.ವಿ. ಪರೀಕ್ಷೆಗೆ ಬೇಕಾದುದು ಶಾಮಿಯಾನವಲ್ಲ

ಧರ್ಮಾರ್ಥ ಟ್ರಸ್ಟುಗಳ ವಾರ್ಷಿಕ ವರದಿಯಲ್ಲಿ ಆರೋಗ್ಯ ಶಿಬಿರಕ್ಕೆ ಒಂದು ಪುಟ ಮೀಸಲಾಗಿರುವುದು ವಾಡಿಕೆ. ಶಾಮಿಯಾನ, ಬ್ಯಾನರು, ಸಾಲಾಗಿ ನಿಂತ ಜನ, ದಾನಿಗಳ ಭಾವಚಿತ್ರ. ಕೊನೆಗೆ ಪರೀಕ್ಷಿಸಿಕೊಂಡವರ ಸಂಖ್ಯೆ. ರಕ್ತದೊತ್ತಡ, ಮಧುಮೇಹಗಳ ತಪಾಸಣೆಗೆ ಈ ಕ್ರಮ ಸಾಕು. ಎಚ್.ಐ.ವಿ. ಸೋಂಕಿನ ವಿಷಯದಲ್ಲಿ ಮಾತ್ರ ಇದು ನಿಷ್ಫಲ. ಯಾರಿಗೆ ಪರೀಕ್ಷೆಯ ಅಗತ್ಯ ಹೆಚ್ಚೋ ಅವರೇ ಆ ಸಾಲಿನಿಂದ ದೂರ ಉಳಿಯುತ್ತಾರೆ.

ಶಿವಮೊಗ್ಗದ ರಾಗಿಗುಡ್ಡವನ್ನೇ ತೆಗೆದುಕೊಳ್ಳಬಹುದು. ಅಲ್ಲಿಂದ ಮೆಗ್ಗಾನ್ ಆಸ್ಪತ್ರೆ ಕೆಲವೇ ಕಿಲೋಮೀಟರ್. ಭದ್ರಾವತಿಯಿಂದ ಶಿವಮೊಗ್ಗಕ್ಕೂ ಸುಮಾರು 20 ಕಿಲೋಮೀಟರ್ ಅಷ್ಟೆ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಆಪ್ತಸಮಾಲೋಚನೆಯೂ ಉಚಿತ. ಹಾಗಿರುವಾಗ ಅಡ್ಡಿಯಾಗಿರುವುದು ದೂರವಲ್ಲ, ಖರ್ಚೂ ಅಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಂಗಡಿಯ ಗಿರಾಕಿಯೋ ಬೀಗರ ಮನೆಯವರೋ ಎದುರಾದರೆ ಏನು ಹೇಳುವುದೆಂಬ ಅಂಜಿಕೆಯೇ ನಿಜವಾದ ಅಡ್ಡಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರುಗಳಲ್ಲಿ ಈ ಅಂಜಿಕೆ ಸುಳ್ಳಲ್ಲ.

ಕೊರೋನಾ ಕಾಲವು ಇದಕ್ಕೊಂದು ದಾರಿ ತೋರಿಸಿತು. 2020ರ ಮಾರ್ಚ್ 25ರಂದು ದೇಶವೇ ಸ್ತಬ್ಧವಾಯಿತು. ಅದೇ ದಿನಾಂಕದಂದು ದೂರವೈದ್ಯಕೀಯದ ಮಾರ್ಗಸೂಚಿಯೂ ಹೊರಬಂತು. ದೂರವಾಣಿಯಲ್ಲಿ, ವಿಡಿಯೋ ಕರೆಯಲ್ಲಿ ವೈದ್ಯರು ಸಲಹೆ ನೀಡುವುದಕ್ಕೆ ಸ್ಪಷ್ಟ ನಿಯಮಗಳು ದೊರೆತವು. ಎ.ಆರ್.ಟಿ. ಚಿಕಿತ್ಸೆಯಲ್ಲಿದ್ದು ಸ್ಥಿರವಾಗಿದ್ದವರಿಗೆ ಹಲವು ತಿಂಗಳ ಮಾತ್ರೆಗಳನ್ನು ಒಟ್ಟಿಗೆ ಕೊಡುವ ಕ್ರಮ ವಿಸ್ತರಿಸಿತು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಆಶೋದಯ ಸಮಿತಿಯು ಔಷಧವನ್ನು ಯಾರಿಗೂ ತಿಳಿಯದಂತೆ ಅಗತ್ಯವಿದ್ದವರಿಗೆ ತಲುಪಿಸಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅದೇ ವರ್ಷದ ಮೇ ತಿಂಗಳಲ್ಲಿ, ಮನೆಯಲ್ಲೇ ಪರೀಕ್ಷೆ ಮಾಡಿಸಿ, ದೂರವಾಣಿಯಲ್ಲೇ ಸಲಹೆ ನೀಡಿ, ಸೋಂಕು ತಡೆಯುವ ಮಾತ್ರೆಯನ್ನು 90 ದಿನಗಳಿಗೆ ಕೊಡಬಹುದೆಂದು ವೈದ್ಯರಿಗೆ ತಿಳಿಸಿತು.

ಈ ಪರೀಕ್ಷೆಯ ಮಿತಿಯನ್ನೂ ಅರಿತಿರಬೇಕು. ವಸಡಿನಿಂದ ತೆಗೆದ ದ್ರವ ಅಥವಾ ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಅರ್ಧ ಗಂಟೆಯೊಳಗೆ ಸೂಚನೆ ದೊರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಇದನ್ನು ಶಿಫಾರಸು ಮಾಡಿದೆ. ಆದರೆ ಇದು ಅಂತಿಮ ನಿರ್ಣಯವಲ್ಲ. ಸೋಂಕಿನ ಸೂಚನೆ ಬಂದರೆ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆ ಅದನ್ನು ಹಿಡಿಯದೆ ಹೋಗಬಹುದಾದ್ದರಿಂದ ಮೂರು ತಿಂಗಳ ಬಳಿಕ ಮತ್ತೊಮ್ಮೆ ನೋಡಬೇಕು. ಸೋಂಕಿನ ಸಂಭವ ಉಂಟಾದ 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸುವ ತಡೆ ಔಷಧವೂ ಇದೆ. ಆ 72 ಗಂಟೆಗಳು ಸಂಕೋಚದಲ್ಲೇ ಕಳೆದುಹೋಗದಿರಲು ಒಂದು ದೂರವಾಣಿ ಕರೆ ಎಷ್ಟು ದೊಡ್ಡ ನೆರವೆಂಬುದನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ: ಗುಟ್ಟಾಗಿ ಪರೀಕ್ಷಿಸಿಕೊಳ್ಳಲು ಅವಕಾಶವಿತ್ತರೆ ದುರಾಚಾರಕ್ಕೆ ಕುಮ್ಮಕ್ಕು ಕೊಟ್ಟಂತೆ. ಪರೀಕ್ಷೆಯು ನಡತೆಯ ಪ್ರಮಾಣಪತ್ರವಲ್ಲ. ಗಂಡನಿಂದ ಸೋಂಕು ಪಡೆದ ಗೃಹಿಣಿಯದು ಯಾವ ದುರಾಚಾರ? ತಾಯಿಯಿಂದ ಪಡೆದ ಮಗುವಿನದು? ತಪ್ಪಿ ನಡೆದವನಾದರೂ ತನ್ನ ಸ್ಥಿತಿಯನ್ನು ಅರಿತರೆ ತಾನೇ ಹೆಂಡತಿಯನ್ನು ಕಾಪಾಡಲು ಸಾಧ್ಯ? ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯನ್ನೂ ಎಣಿಸುವ ಸಮಾಜ, ರೋಗಿಯನ್ನು ಕಂಡು ಹೇಸುವುದನ್ನೇ ಧರ್ಮರಕ್ಷಣೆ ಎಂದುಕೊಳ್ಳುವುದು ವಿಪರ್ಯಾಸ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಒಂಟಿಯಾಗಿ ಫಲಿತಾಂಶ ಕಂಡವರು ಎದೆಗುಂದಬಹುದು. ಮನೆಯವರು ಸೊಸೆಯನ್ನು ಬಲವಂತವಾಗಿ ಪರೀಕ್ಷೆಗೆ ಒಡ್ಡಬಹುದು. ಈ ಭಯ ಸಕಾರಣವೇ. ಅದಕ್ಕಾಗಿಯೇ ಮನೆಯ ಪರೀಕ್ಷೆಯೊಡನೆ ಆಪ್ತಸಮಾಲೋಚಕರ ದನಿಯೂ ಇರಬೇಕು. ಕಿಟ್ಟನ್ನು ಕೈಗಿತ್ತು ಕಳುಹಿಸಿಬಿಡುವುದು ಸೇವೆಯಲ್ಲ. ಬಲವಂತವನ್ನಂತೂ ಕಾನೂನೇ ಒಪ್ಪದು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮವು, ತಿಳಿದು ಕೊಟ್ಟ ಸಮ್ಮತಿಯಿಲ್ಲದ ಪರೀಕ್ಷೆಯನ್ನು ನಿಷೇಧಿಸುತ್ತದೆ, ಗೋಪ್ಯತೆಯನ್ನು ಹಕ್ಕಾಗಿಸುತ್ತದೆ. ಆದುದರಿಂದ ಕಲ್ಯಾಣ ಮಂಟಪ ಕೊಡುವ ಮುನ್ನ ಎಚ್.ಐ.ವಿ. ಪ್ರಮಾಣಪತ್ರ ಕೇಳಬೇಕೆಂಬ ಸಲಹೆಯನ್ನು ಯಾವ ಟ್ರಸ್ಟೂ ಪರಿಗಣಿಸಕೂಡದು.

ಹಾಗಾದರೆ ಟ್ರಸ್ಟುಗಳ ಕರ್ತವ್ಯವೇನು? ಔಷಧದಾನಕ್ಕೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ತರಬೇತಿ ಪಡೆದ ಆಪ್ತಸಮಾಲೋಚಕರ ವೇತನಕ್ಕೂ ಅವರ ದೂರವಾಣಿಗೂ ಮೀಸಲಿಡಲಿ. ಮನೆಯಲ್ಲಿ ಏಕಾಂತವಿಲ್ಲದವರು ಬಂದು ವೈದ್ಯರೊಡನೆ ಮಾತನಾಡಲು ಧರ್ಮಶಾಲೆಯ ಒಂದು ಕೊಠಡಿ ತೆರೆದಿರಲಿ. ಬಂದವರ ಹೆಸರು ಯಾವ ಪುಸ್ತಕಕ್ಕೂ ಏರದಿರಲಿ. ಪರೀಕ್ಷಾ ಕಿಟ್ಟುಗಳು ಅಧಿಕೃತ ಅನುಮತಿಯುಳ್ಳವೇ ಆಗಿದ್ದು, ಅರ್ಹ ವೈದ್ಯರ ಮಾರ್ಗದರ್ಶನದಲ್ಲಿಯೇ ದೊರೆಯಲಿ. ಖಚಿತ ಪರೀಕ್ಷೆಗೆ ಹೋಗಬೇಕಾದವರಿಗೆ ಬಸ್ಸಿನ ಖರ್ಚು ಸದ್ದಿಲ್ಲದೆ ಸಲ್ಲಲಿ. ಶುಲ್ಕವಿಲ್ಲದ ರಾಷ್ಟ್ರೀಯ ಸಹಾಯವಾಣಿ 1097ನ್ನು ಸೂಚನಾ ಫಲಕದಲ್ಲಿ ಬರೆಸುವುದಕ್ಕಂತೂ ಯಾವ ನಿಧಿಯೂ ಬೇಕಿಲ್ಲ.

ಇಂಥ ಸೇವೆಯಿಂದ ವರದಿಗೆ ಭಾವಚಿತ್ರ ದೊರೆಯದು. ದಾನಿಯ ಹೆಸರಿನ ಕಲ್ಲೂ ನಿಲ್ಲದು. ಆ ಕಾರಣಕ್ಕಾಗಿಯೇ ಇದನ್ನು ಕೈಬಿಡುವ ಟ್ರಸ್ಟು, ತಾನು ಇದುವರೆಗೆ ಮಾಡಿದ್ದು ದಾನವೋ ಜಾಹೀರಾತೋ ಎಂಬುದನ್ನು ತನ್ನ ಮುಂದಿನ ಸಭೆಯಲ್ಲಿ ಮೊದಲು ತೀರ್ಮಾನಿಸಿಕೊಳ್ಳಲಿ.