ಕತ್ತಿಯ ಗಾಯವೂ ಐವತ್ತನೆಯ ವಯಸ್ಸಿನ ಆಟವೂ

ಹೆಣ್ಣುಮಕ್ಕಳಿಗೆ ವ್ಯಾಯಾಮವೂ ಆಟವೂ ಬೇಕೋ ಬೇಡವೋ ಎಂಬ ಚರ್ಚೆಯು ಎಂದೋ ಮುಗಿದುಹೋಯಿತೆಂದು ನಾವೆಲ್ಲರೂ ತಿಳಿದುಕೊಂಡಿರುವೆವು. ಬಾಯಿಮಾತಿನಲ್ಲಿ ಅದು ಮುಗಿದಿರುವುದು ನಿಜ. ಆದರೆ ಹುಡುಗಿಯು ಹತ್ತನೆಯ ತರಗತಿಗೆ ಬಂದೊಡನೆ ಅವಳ ಆಟದ ಬೂಟುಗಳು ಮೂಲೆ ಸೇರುವುದನ್ನೂ, ಮದುವೆಯಾದ ಮೇಲೆ ಅವಳು ಒಂದಾನೊಂದು ಕಾಲದಲ್ಲಿ ಚೆನ್ನಾಗಿ ಓಡುತ್ತಿದ್ದಳೆಂಬುದೇ ಮನೆಯವರಿಗೆ ಮರೆತುಹೋಗುವುದನ್ನೂ ಕಂಡವರು, ಈ ಚರ್ಚೆಯು ನಡತೆಯಲ್ಲಿ ಇನ್ನೂ ಮುಗಿದಿಲ್ಲವೆಂದು ಒಪ್ಪುವರು. ಇದನ್ನು ವಾದದಿಂದ ಹೇಳುವುದಕ್ಕಿಂತ ಒಬ್ಬ ಮಹಿಳೆಯ ಚರಿತ್ರೆಯಿಂದ ಹೇಳುವುದು ಲೇಸೆಂದು ನನಗೆ ತೋರುತ್ತದೆ. ಆಕೆಯು ಚೀನದೇಶದ ಕತ್ತಿವರಸೆಯ ಆಟಗಾರ್ತಿ ಲುವಾನ್ ಜೂಜಿಯೆ. ಚೀನೀಯರ ಪದ್ಧತಿಯಂತೆ ಮನೆತನದ ಹೆಸರಾದ ಲುವಾನ್ ಎಂಬುದು ಮೊದಲು ಬರುವುದು.

ಈಕೆಯು 1958ರಲ್ಲಿ ನಾನ್‌ಜಿಂಗ್ ನಗರದಲ್ಲಿ ಹುಟ್ಟಿದಳು. ವೆನ್ ಗುವೋಗಾಂಗ್ ಎಂಬ ಶಿಕ್ಷಕರ ಕೈಕೆಳಗೆ ಫಾಯಿಲ್ ಎಂಬ ತೆಳುವಾದ ಕತ್ತಿಯ ಆಟವನ್ನು ಕಲಿತಳು. ಈ ಕತ್ತಿಯ ತೂಕವು 500 ಗ್ರಾಮಿಗಿಂತಲೂ ಕಡಿಮೆ. ಕೊಯ್ಯುವುದಕ್ಕೆ ಇದರಲ್ಲಿ ಅವಕಾಶವಿಲ್ಲ. ತುದಿಯಿಂದ ಎದುರಾಳಿಯ ಮುಂಡಭಾಗವನ್ನು ಮುಟ್ಟಿದರೆ ಮಾತ್ರವೇ ಅಂಕವು ದೊರೆಯುವುದು. ಬಲಕ್ಕಿಂತಲೂ ಕಣ್ಣು, ಕಾಲು ಮತ್ತು ಸಮಯಜ್ಞಾನಗಳೇ ಇಲ್ಲಿ ಮುಖ್ಯವಾದವು. ಒಲಿಂಪಿಕ್ ಕ್ರೀಡೆಗಳಲ್ಲಿ ಮಹಿಳೆಯರಿಗೆ 1924ರಿಂದ ಈ ಒಂದೇ ಕತ್ತಿಯನ್ನು ಬಿಟ್ಟುಕೊಟ್ಟಿದ್ದರು. ಎಪೇ ಎಂಬ ಎರಡನೆಯ ಕತ್ತಿಯು ಅವರ ಕೈಗೆ ಬಂದುದು 1996ರಲ್ಲಿ, ಸೇಬರ್ ಎಂಬ ಮೂರನೆಯದು 2004ರಲ್ಲಿ. ಹೆಣ್ಣಿಗೆ ಇಷ್ಟು ಸಾಕೆಂದು ಅಳೆದುಕೊಡುವ ಅಭ್ಯಾಸವು ನಮ್ಮ ದೇಶವೊಂದರದೇ ಅಲ್ಲವೆಂಬುದು ಇದರಿಂದ ತಿಳಿಯುವುದು.

1978ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದಲ್ಲಿ ಕಿರಿಯರ ಜಾಗತಿಕ ಸ್ಪರ್ಧೆಯು ನಡೆಯಿತು. ಆ ಕಾಲದಲ್ಲಿ ಈ ಆಟವು ಬಹುಮಟ್ಟಿಗೆ ಯೂರೋಪಿನವರ ಸೊತ್ತಾಗಿದ್ದಿತು. ಅಲ್ಲಿ ಎದುರಾಳಿಯ ಕತ್ತಿಯು ಮುರಿದು, ಆ ಮುರಿದ ತುದಿಯು ಲುವಾನಳ ಎಡತೋಳನ್ನು ಹೊಕ್ಕಿತು. ಆಕೆಯು ಎಡಗೈಯಲ್ಲಿಯೇ ಕತ್ತಿ ಹಿಡಿಯುವವಳು. ಆದರೂ ಯಾರಿಗೂ ಹೇಳದೆ ಉಳಿದ ಪಂದ್ಯಗಳನ್ನು ಆಡಿ, ಎರಡನೆಯ ಸ್ಥಾನವನ್ನು ಗಳಿಸಿದ ತರುವಾಯವೇ ಆಸ್ಪತ್ರೆಗೆ ಹೋದಳು. ಈ ಸಂಗತಿಯನ್ನು ಕುರಿತು ಚೀನದಲ್ಲಿ ಬಂದ ಬರಹವು ಬಹು ಪ್ರಸಿದ್ಧವಾಗಿ, ಆಕೆಯ ಹೆಸರು ಮನೆಮಾತಾಯಿತು.

ಇಲ್ಲಿಯೇ ನನ್ನ ಅಭಿಪ್ರಾಯವು ಅನೇಕರ ಅಭಿಪ್ರಾಯದಿಂದ ಬೇರೆಯಾಗುವುದು. ಲುವಾನಳ ಕಥೆಯನ್ನು ಹೇಳುವವರು ಈ ಗಾಯವನ್ನೇ ಮೊದಲು ಹೇಳುವರು; ಕೆಲವರು ಇದನ್ನು ಹೇಳಿ ನಿಲ್ಲಿಸಿಯೂ ಬಿಡುವರು. ಆಕೆಯ ಧೈರ್ಯಕ್ಕೆ ನಾನೂ ತಲೆಬಾಗುವೆನು. ಆದರೆ ನಮ್ಮ ಹೆಣ್ಣುಮಕ್ಕಳ ಮುಂದೆ ಇದನ್ನೇ ಆದರ್ಶವೆಂದು ಇಡಲು ನನ್ನ ಮನಸ್ಸು ಒಪ್ಪದು. ನೋವನ್ನು ಬಾಯಿಬಿಡದೆ ನುಂಗುವ ವಿದ್ಯೆಯನ್ನು ನಮ್ಮ ಹುಡುಗಿಯರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅದನ್ನು ಅವರು ಮನೆಯಲ್ಲಿಯೇ ಬೇಕಾದಷ್ಟು ಕಲಿತಿರುವರು. ನಾನು ವಿದ್ಯಾರ್ಥಿನಿಯಾಗಿದ್ದಾಗ ಥ್ರೋಬಾಲ್ ಆಡುತ್ತ ಕಾಲು ಉಳುಕಿದ್ದನ್ನು ಮುಚ್ಚಿಟ್ಟು, ಎರಡು ವಾರ ಕುಂಟಿದೆನು. ಹೇಳಿದರೆ ಆಟವನ್ನೇ ಬಿಡಿಸುವರೆಂಬ ಭಯವೇ ಅದಕ್ಕೆ ಕಾರಣವಾಗಿತ್ತೇ ಹೊರತು ಧೈರ್ಯವಲ್ಲ.

ಆ ಕ್ರೀಡೆಯು ಸಹ ಮುರಿದ ಕತ್ತಿಯನ್ನು ಹೊಗಳುತ್ತ ಕೂತಿರಲಿಲ್ಲ. 1982ರಲ್ಲಿ ರೋಮಿನಲ್ಲಿ ನಡೆದ ಜಾಗತಿಕ ಸ್ಪರ್ಧೆಯಲ್ಲಿ ಸೋವಿಯತ್ ದೇಶದ ಒಲಿಂಪಿಕ್ ವಿಜೇತ ವ್ಲಾದಿಮಿರ್ ಸ್ಮಿರ್ನೋವನು ಇಂತಹದೇ ಮುರಿದ ಕತ್ತಿಯು ಮುಖಕವಚವನ್ನು ಭೇದಿಸಿದುದರಿಂದ ಪ್ರಾಣ ಕಳೆದುಕೊಂಡನು. ಅಲ್ಲಿಂದ ಮುಂದೆ ಕತ್ತಿಯ ಉಕ್ಕೂ, ಮುಖಕವಚವೂ, ಮೈಯಂಗಿಯೂ ಹೆಚ್ಚು ಗಟ್ಟಿಯಾಗಬೇಕೆಂದು ನಿಯಮಗಳಾದವು. ಗಾಯವಾದಾಗ ಮಾಡತಕ್ಕ ಕೆಲಸವು ಇದೇ.

ಹಾಗಾದರೆ ಲುವಾನಳಲ್ಲಿ ಅನುಕರಿಸತಕ್ಕದ್ದು ಯಾವುದು? ಗಾಯವಾದ ಆರು ವರ್ಷಗಳ ಮೇಲೆ, 1984ರಲ್ಲಿ, ಆಕೆಯು ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಹೋದಳು. ಅಂತಿಮ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯ ಕೊರ್ನೇಲಿಯಾ ಹಾನಿಷಳನ್ನು 8–3 ಅಂಕಗಳಿಂದ ಸೋಲಿಸಿ ಚಿನ್ನದ ಪದಕವನ್ನು ಪಡೆದಳು. ಒಲಿಂಪಿಕ್ ಕತ್ತಿವರಸೆಯಲ್ಲಿ ಏಷ್ಯಾಖಂಡಕ್ಕೆ ಬಂದ ಮೊದಲನೆಯ ಚಿನ್ನವು ಅದೇ. ಮ್ಯಾಡ್ರಿಡ್ಡಿನ ಗಾಯವು ಒಂದು ದಿನದ ಮಾತು. ನಡುವಣ ಆರು ವರ್ಷಗಳ ಅಭ್ಯಾಸವು ಪ್ರತಿದಿನದ ಮಾತು.

1988ರ ಸೋಲ್ ಕ್ರೀಡೆಗಳ ತರುವಾಯ ಆಕೆಯು ಕೆನಡಾ ದೇಶದ ಎಡ್ಮಂಟನ್ ನಗರದಲ್ಲಿ ನೆಲೆಸಿ, ಮಕ್ಕಳಿಗೆ ಕತ್ತಿವರಸೆಯನ್ನು ಕಲಿಸತೊಡಗಿದಳು, ತಾಯಿಯೂ ಆದಳು. ಇಷ್ಟಕ್ಕೆ ಆಕೆಯ ಆಟವು ಮುಗಿಯಿತೆಂದು ಯಾರಾದರೂ ಹೇಳಿದ್ದರೆ ತಪ್ಪೆನ್ನಲು ಸಾಧ್ಯವಿರಲಿಲ್ಲ. ಆದರೆ 2000ದಲ್ಲಿ, ನಲವತ್ತು ದಾಟಿದ ಮೇಲೆ, ಕೆನಡಾದ ಪರವಾಗಿ ಸಿಡ್ನಿಯಲ್ಲಿ ಆಡಿದಳು. 2008ರ ಒಲಿಂಪಿಕ್ಸ್ ಬೀಜಿಂಗಿನಲ್ಲಿ ನಡೆಯುವುದೆಂದು ತಿಳಿದಾಗ, ಹುಟ್ಟಿದ ನಾಡಿನಲ್ಲಿ ಒಮ್ಮೆ ಆಡಬೇಕೆಂದು ಬಯಸಿ, ತನ್ನ ವಯಸ್ಸಿಗೆ ಅರ್ಧದಷ್ಟಿದ್ದವರೊಡನೆ ದೇಶದೇಶಗಳಲ್ಲಿ ಸ್ಪರ್ಧಿಸಿ ಅರ್ಹತೆಯನ್ನು ಸಂಪಾದಿಸಿದಳು. ಐವತ್ತನೆಯ ವಯಸ್ಸಿನಲ್ಲಿ ಅಲ್ಲಿ ಒಂದು ಪಂದ್ಯವನ್ನು ಗೆದ್ದು, ಮುಂದಿನದರಲ್ಲಿ ಸೋತಳು. ಸೋತ ಮೇಲೆ ತಾಯ್ನಾಡಿಗೆ ವಂದನೆ ಹೇಳುವ ಚೀನೀ ಅಕ್ಷರಗಳ ಕೆಂಪು ಬಟ್ಟೆಯೊಂದನ್ನು ಬಿಡಿಸಿ ಹಿಡಿದಳು. ಜನರು ಎದ್ದು ಚಪ್ಪಾಳೆ ತಟ್ಟಿದರು. ನನ್ನ ಎಣಿಕೆಯಲ್ಲಿ ಆಕೆಯ ಜೀವನದ ಅತ್ಯುತ್ತಮ ಗಳಿಗೆಯು ಪದಕವಿಲ್ಲದ ಆ ಗಳಿಗೆಯೇ.

ಇದೆಲ್ಲವೂ ಜಗದ್ವಿಖ್ಯಾತರ ಮಾತು, ನಮ್ಮ ಮಕ್ಕಳಿಗೆ ಇದರಿಂದ ಏನು ಎಂದು ತಂದೆತಾಯಿಗಳು ಕೇಳಬಹುದು. ನೆರೆಯ ಚೆನ್ನೈಯ ಭವಾನಿ ದೇವಿಯು ಶಾಲೆಯಲ್ಲಿ ಈ ಆಟವನ್ನು ಆರಂಭಿಸಿದಾಗ ಕತ್ತಿಗೆ ಬದಲಾಗಿ ಬಿದಿರುಕೋಲುಗಳಿಂದ ಅಭ್ಯಾಸ ಮಾಡಿದವಳು. 2021ರಲ್ಲಿ ಟೋಕಿಯೋದಲ್ಲಿ ಆಡಿ, ಒಲಿಂಪಿಕ್ ಕತ್ತಿವರಸೆಯಲ್ಲಿ ಭಾರತದ ಮೊದಲನೆಯ ಸ್ಪರ್ಧಿಯಾದಳು. 2023ರಲ್ಲಿ ಏಷ್ಯಾದ ಸ್ಪರ್ಧೆಯಲ್ಲಿ ಆಕೆಗೆ ಕಂಚಿನ ಪದಕವು ಬಂದ ಊರು ಚೀನದ ವುಶಿ. ಅದು ಲುವಾನಳು ಹುಟ್ಟಿದ ಜಿಯಾಂಗ್ಸು ಪ್ರಾಂತದಲ್ಲಿಯೇ ಇರುವುದು. ಆರಂಭಕ್ಕೆ ಬಿದಿರುಕೋಲು ಸಾಕಾಯಿತು. ಆದರೆ ಮಧ್ಯದಲ್ಲಿ ನಿಲ್ಲಿಸದ ತಾಯಿತಂದೆಗಳು ಬೇಕಾದರು.

ಎಲ್ಲ ಹುಡುಗಿಯರೂ ಪದಕ ತರಲಾರರು, ತರಬೇಕಾಗಿಯೂ ಇಲ್ಲ. ನನ್ನ ಬಿನ್ನಹವು ಚಿಕ್ಕದು. ತಂದೆತಾಯಿಗಳೇ, ಪರೀಕ್ಷೆಯ ವರ್ಷದಲ್ಲಿ ಪಾಠಕ್ಕೆ ಹೊತ್ತು ಸಾಲದೆಂದು ಮಗಳ ಸಂಜೆಯ ಒಂದು ಗಂಟೆಯ ಆಟವನ್ನು ಕಸಿದುಕೊಳ್ಳಬೇಡಿರಿ. ಅವಳಿಗೆ ಪೆಟ್ಟಾದರೆ ಭಯವಿಲ್ಲದೆ ಬಂದು ಹೇಳುವಂತೆ ನಡೆದುಕೊಳ್ಳಿರಿ. ವಾಸಿಯಾದ ಮೇಲೆ ಮರಳಿ ಕಳುಹಿಸಿರಿ. ನನ್ನೊಡನೆ ಓದಿದ ಹಳೆಯ ವಿದ್ಯಾರ್ಥಿನಿಯರೇ, ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ ನಾವು ಬಯಲಿನ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ನೋಡುವುದು ವಾಡಿಕೆಯಾಗಿದೆ. ಮುಂದಿನ ವರ್ಷ ಸೆರಗನ್ನು ಸಿಕ್ಕಿಸಿಕೊಂಡು ಒಂದು ಪಂದ್ಯವನ್ನು ನಾವೂ ಆಡೋಣ. ಸೋತರೂ ಚಿಂತೆಯಿಲ್ಲ, ನಮ್ಮ ಹೆಣ್ಣುಮಕ್ಕಳು ನೋಡುತ್ತಿರುವರು.